ಕರಾವಳಿ ಹೆದ್ದಾರಿಯಲ್ಲಿ ಗುಡ್ಡ ಕುಸಿದಾಗ: ತುರ್ತು ಕೆಲಸಕ್ಕೆ ಯಾವ ಅನುಮತಿ ಮೊದಲು, ಯಾವುದು ಆಮೇಲೆ?

ಹಳೇ_ಹದಿನೇಳು ಕೇಳಿದ್ದು:

ಎನ್‌ಎಚ್-66ರ ಉತ್ತರ ಕನ್ನಡ ಭಾಗದಲ್ಲಿ ಕಾಣಸಿಗುವಂಥ ಒಂದು ಮಾದರಿ ಜಾಗ ಇಟ್ಟುಕೊಂಡು ಕೇಳುತ್ತಿದ್ದೇನೆ. ಪೂರ್ವಕ್ಕೆ 30 ಮೀಟರ್ ಎತ್ತರಕ್ಕೆ ಕಡಿದ ಗುಡ್ಡ, ನೆತ್ತಿಯ ಮೇಲೆ ಮೀಸಲು ಅರಣ್ಯ. ಪಶ್ಚಿಮಕ್ಕೆ ರಸ್ತೆ ಅಂಚಿನಿಂದ 20 ಮೀಟರಿಗೇ ಉಬ್ಬರ-ಇಳಿತದ ಹೊಳೆ, ದಡದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ. ಹೆದ್ದಾರಿಯ ಆರ್‌ಒಡಬ್ಲ್ಯು, ಅಂದರೆ ರಸ್ತೆಗೆಂದು ಇರುವ ಜಾಗದ ಅಗಲ, 45 ಮೀಟರ್. ಜುಲೈ ಮಳೆಗೆ 60 ಮೀಟರ್ ಉದ್ದಕ್ಕೆ ಗುಡ್ಡ ಜಾರಿ ನಾಲ್ಕೂ ಲೇನ್ ಮುಚ್ಚಿದೆ. ರಾಶಿ ಸರಾಸರಿ 20 ಮೀಟರ್ ಅಗಲ, 5 ಮೀಟರ್ ದಪ್ಪ.

ಶಿರೂರಿನ ಗುಡ್ಡ ಕುಸಿತ ಆದಮೇಲೆ ಎಲ್ಲರ ಬಾಯಲ್ಲೂ "ತುರ್ತು" ಅನ್ನುವ ಪದ ಇದೆ. ಆದರೆ ಯಂತ್ರ ಇಳಿಸುವ ಮೊದಲು ಕೈಯಲ್ಲಿ ಯಾವ ಕಾಗದ ಇರಬೇಕು? ನೆತ್ತಿಗೆ ಹತ್ತಿ ಕೆಲಸ ಮಾಡಲು ಅರಣ್ಯದ ಅನುಮತಿ ಬೇಕೇ? ಮಣ್ಣನ್ನು ಪಕ್ಕದ ಹೊಳೆಗೆ ತಳ್ಳಬಹುದೇ? ಟೆಂಡರ್ ಇಲ್ಲದೆ ಕೆಲಸ ಕೊಟ್ಟರೆ ಆಡಿಟ್‌ನಲ್ಲಿ ನಿಲ್ಲುತ್ತದೆಯೇ? ಕಲಂ ಸಮೇತ ಹೇಳುವವರು ಇದ್ದರೆ ಉಪಕಾರ.

ಕಡತ_ಕೋಣೆ:

ಜಿಲ್ಲಾಧಿಕಾರಿ ಫೋನಿನಲ್ಲಿ "ಶುರು ಮಾಡಿ" ಅಂದದ್ದು ಆದೇಶ ಅಲ್ಲ, ಮೊದಲು ಅದು ಗೊತ್ತಿರಲಿ. ವಿಪತ್ತು ನಿರ್ವಹಣಾ ಕಾಯ್ದೆ 2005ರ ಕಲಂ 34ರ ಅಧಿಕಾರ ಇರುವುದು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ. ಡಿಸಿ ಅದರ ಅಧ್ಯಕ್ಷರು. ಆದೇಶ ಪ್ರಾಧಿಕಾರದ ಹೆಸರಿನಲ್ಲಿ, ಲಿಖಿತವಾಗಿ, ಕಲಂ ನಮೂದಿಸಿ ಬರಬೇಕು. ನಿಮಗೆ ಬೇಕಾದವು ಮೂರು ಉಪಕಲಂ: 34(ಬಿ) ವಾಹನ ಸಂಚಾರ ನಿರ್ಬಂಧಕ್ಕೆ, 34(ಡಿ) ಕುಸಿದ ಮಣ್ಣು-ಅವಶೇಷ ತೆರವು ಮತ್ತು ಶೋಧಕ್ಕೆ, 34(ಕೆ) ತಾತ್ಕಾಲಿಕ ಸೇತುವೆಯಂಥ ರಚನೆ ಕಟ್ಟುವುದಕ್ಕೆ ಮತ್ತು ಅಪಾಯಕಾರಿ ರಚನೆ ಕೆಡಹುವುದಕ್ಕೆ. ಖಾಸಗಿಯವರ ಹಿಟಾಚಿ, ಟಿಪ್ಪರ್ ವಶಕ್ಕೆ ಪಡೆಯಬೇಕಾದರೆ ಕಲಂ 65. ಆಗ ಕಲಂ 66ರಡಿ ಪರಿಹಾರ ಕೊಡಲೇಬೇಕು, ಬಿಟ್ಟಿ ಅಲ್ಲ.

ಆದೇಶದಲ್ಲಿ ಚೈನೇಜ್ (ರಸ್ತೆ ಉದ್ದಕ್ಕೆ ಕಿ.ಮೀ. ಗುರುತು) ಎಲ್ಲಿಂದ ಎಲ್ಲಿಗೆ, ಯಾವ ಬದಿ, ಯಾವ ಕೆಲಸ, ಯಾರು ಮಾಡುವವರು, ಮಣ್ಣು ಹಾಕುವ ಜಾಗದ ಸರ್ವೆ ನಂಬರ್, ಕೆಲಸ ಎಲ್ಲಿಗೆ ಮುಗಿಯುತ್ತದೆ, ಇಷ್ಟೂ ಇರಲಿ. ಕೊನೆಯದನ್ನು ಬರೆಯಲು ಎಲ್ಲರೂ ಮರೆಯುತ್ತಾರೆ. "ಒಂದು ಲೇನ್ ಸುರಕ್ಷಿತವಾಗಿ ತೆರೆಯುವವರೆಗೆ, ಹಾಗೂ ಇಳಿಜಾರಿನ ತಾತ್ಕಾಲಿಕ ರಕ್ಷಣೆ" ಎಂದು ಗೆರೆ ಎಳೆಯದಿದ್ದರೆ ಆರು ತಿಂಗಳ ಮೇಲೆ ಕಟ್ಟುವ ತಡೆಗೋಡೆಗೂ ಅದೇ ಆದೇಶ ತೋರಿಸುವ ಪರಿಸ್ಥಿತಿ ಬರುತ್ತದೆ. ಬೇರೆ ಕಾನೂನಿನೊಂದಿಗೆ ತಿಕ್ಕಾಟ ಬಂದರೆ ಈ ಕಾಯ್ದೆಯೇ ಮೇಲು ಎನ್ನುವ ಕಲಂ 72 ಇದೆ, ನಿಜ. ಮಣ್ಣಿನಡಿ ಜನ ಸಿಕ್ಕಿಕೊಂಡಿರುವಾಗ ಅದನ್ನು ಬಳಸಿ. ಶಾಶ್ವತ ಗೋಡೆಗೆ ಅದನ್ನು ನೆಚ್ಚಿ ಕೂರಬೇಡಿ.

ಆದ್ದರಿಂದ ಮೊದಲ ದಿನವೇ ಎರಡು ಕಡತ ತೆರೆಯಿರಿ, ತೆರವಿಗೆ ಒಂದು, ಶಾಶ್ವತ ದುರಸ್ತಿಗೆ ಇನ್ನೊಂದು. ಅಂದಾಜು ಪಟ್ಟಿ, ಅಳತೆ ಪುಸ್ತಕ, ಫೋಟೊ ಎಲ್ಲವೂ ಬೇರೆ ಬೇರೆ.

ರಸ್ತೆ ಮುಚ್ಚುವ ಆದೇಶ ಮತ್ತೊಂದು ಕಾಗದ. ಮೋಟಾರು ವಾಹನ ಕಾಯ್ದೆ 1988ರ ಕಲಂ 115 ಮತ್ತು ಕರ್ನಾಟಕ ಮೋಟಾರು ವಾಹನ ನಿಯಮಗಳು 1989ರ ನಿಯಮ 221ಎ(5)ರಡಿ ಡಿಸಿ ಹೊರಡಿಸುತ್ತಾರೆ. ಬದಲಿ ದಾರಿಯನ್ನು ಕಣ್ಣುಮುಚ್ಚಿ ಬರೆಯಬೇಡಿ. ಕುಮಟಾ–ಶಿರಸಿ ಎಂದು ಬರೆಯುವುದು ಸುಲಭ, ಆದರೆ ದೇವಿಮನೆ ಘಟ್ಟವೂ ಅದೇ ಮಳೆಗೆ ಕುಸಿಯುವ ಜಾಗ. ಭಾರಿ ವಾಹನಕ್ಕೆ ಬೇರೆ ದಾರಿ, ಬಸ್ಸು-ಕಾರಿಗೆ ಬೇರೆ ದಾರಿ ಅಂತ ಬಿಡಿಸಿ ಬರೆಯಿರಿ.

ಇನ್ನು ಟೆಂಡರ್. ರಕ್ಷಣೆ-ಪರಿಹಾರಕ್ಕೆ ತಕ್ಷಣದ ಖರೀದಿ ಅಗತ್ಯ ಎಂದು ಪ್ರಾಧಿಕಾರಕ್ಕೆ ಮನವರಿಕೆಯಾದರೆ ಕಲಂ 50(ಎ)ರಡಿ ಟೆಂಡರ್ ಪದ್ಧತಿ ಮನ್ನಾ ಆದಂತೆ. 50(ಬಿ)ರಡಿ ಅಧಿಕೃತ ಅಧಿಕಾರಿ ಕೊಡುವ ಬಳಕೆ ಪ್ರಮಾಣಪತ್ರವೇ ಲೆಕ್ಕಕ್ಕೆ ವೋಚರ್. ರಾಜ್ಯದ ಇಲಾಖೆಯೊಂದು ಕೆಟಿಪಿಪಿ ಕಾಯ್ದೆಯ (ಸರ್ಕಾರಿ ಖರೀದಿಗೆ ಟೆಂಡರ್ ಕಡ್ಡಾಯ ಮಾಡುವ ರಾಜ್ಯದ ಕಾನೂನು) 4(ಎ) ಬಳಸುವುದಾದರೆ ನೈಸರ್ಗಿಕ ವಿಕೋಪ ಅಥವಾ ತುರ್ತು ಸ್ಥಿತಿಯನ್ನು ಸರ್ಕಾರ ಘೋಷಿಸಿರಬೇಕು, ಡಿಸಿ ಪತ್ರ ಸಾಲದು. ಇವೆರಡನ್ನೂ ಕಲಸಿ ಒಂದೇ ಟಿಪ್ಪಣಿಯಲ್ಲಿ ಬರೆದರೆ ಆಡಿಟ್‌ನವರು ಮೊದಲು ಹಿಡಿಯುವುದೇ ಅಲ್ಲಿ.

ಆ ಭಾಗ ಬಿಒಟಿ (ಕಟ್ಟಿ, ನಡೆಸಿ, ಹಸ್ತಾಂತರಿಸುವ ಒಪ್ಪಂದ) ಅಥವಾ ನಿರ್ವಹಣಾ ಗುತ್ತಿಗೆಯಲ್ಲಿದ್ದರೆ ಒಪ್ಪಂದವನ್ನು ಮೊದಲು ಓದಿ. ಮಣ್ಣು ತೆರವು ಗುತ್ತಿಗೆದಾರನ ನಿರ್ವಹಣಾ ಹೊಣೆಯೊಳಗೇ ಇದ್ದು, ನೀವು ಸರ್ಕಾರದ ದುಡ್ಡಲ್ಲೂ ಮಾಡಿಸಿದರೆ ಒಂದೇ ಕೆಲಸಕ್ಕೆ ಎರಡು ಪಾವತಿ.

ಶೇಡಿಮಣ್ಣು:

ಕಾಗದದ ಮಾತು ಸರಿ. ಆದರೆ ಆದೇಶ ಬಂತೆಂದು ಹಿಟಾಚಿಯನ್ನು ನೇರ ಬುಡಕ್ಕೆ ಒಯ್ದರೆ ಎರಡನೇ ಕುಸಿತ ಕರೆದಂತೆಯೇ.

ನಮ್ಮ ಕರಾವಳಿ ಗುಡ್ಡಗಳಲ್ಲಿ ಮೇಲೆ ಚಿರೆಕಲ್ಲು, ಅದರಡಿ ಶೇಡಿ ಎನ್ನುವ ಮೆತ್ತನೆಯ ಜೇಡಿಮಣ್ಣು, ಕೆಳಗೆ ಗಟ್ಟಿ ಬಂಡೆ. ಚಿರೆಕಲ್ಲಿನ ತೂತುಗಳಲ್ಲಿ ನೀರು ಸಲೀಸಾಗಿ ಇಳಿದು ಶೇಡಿಯಲ್ಲಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಶೇಡಿ ಗೋಡೆ ಕಡಿದ ಹಾಗೆ ನೆಟ್ಟಗೆ ನಿಲ್ಲುವುದರಿಂದಲೇ ಜನ ನೆಟ್ಟಗೆ ಕಡಿಯುತ್ತಾರೆ. ನೀರು ಕುಡಿದ ಮೇಲೆ ಅದಕ್ಕೆ ಹಿಡಿತವೇ ಇಲ್ಲ. ಈಗ ರಸ್ತೆ ಮೇಲೆ ಬಿದ್ದಿರುವ ರಾಶಿ ಅಡಚಣೆ ಹೌದು, ಆದರೆ ಮೇಲೆ ಉಳಿದ ಗುಡ್ಡಕ್ಕೆ ಅದೇ ಒತ್ತುಗಂಬ. ಅದನ್ನು ಬುಡದಿಂದ ತೆಗೆದರೆ ಮೇಲಿನದು ಇಳಿಯುತ್ತದೆ.

ಹಾಗಾಗಿ ಮೊದಲು ನೆತ್ತಿ. ಬಿರುಕುಗಳ ಎರಡೂ ಬದಿ ಗೂಟ ಹೊಡೆದು ಗಂಟೆಗೊಮ್ಮೆ ಟೇಪಿನಲ್ಲಿ ಅಳೆದು ಬರೆದಿಡಿ. ಒಂದು ಅಳತೆಯಿಂದ ಮುಂದಿನದಕ್ಕೆ ಹೆಚ್ಚಳವೇ ಹೆಚ್ಚುತ್ತಿದ್ದರೆ, ಅಥವಾ ಬುಡದ ಒರತೆ ನೀರು ದಿಢೀರನೆ ಕೆಸರಾದರೆ, ಜನ-ಯಂತ್ರ ಎರಡನ್ನೂ ಹೊರಗೆ ತನ್ನಿ. ಬಿರುಕಿಗೆ ಜಿಗುಟು ಮಣ್ಣು ಗುದ್ದಿ ತುಂಬಿ, ಮೇಲೆ ಸಿಲ್ಪಾಲಿನ್ ಪ್ಲಾಸ್ಟಿಕ್ ಹಾಳೆ ಹೊದೆಸಿ. ಕಾಂಕ್ರೀಟ್ ಸುರಿಯಬೇಡಿ. ಗುಡ್ಡ ಅಲುಗಿದರೆ ಕಾಂಕ್ರೀಟ್ ಒಡೆದು ನೀರಿಗೆ ಇನ್ನೊಂದು ದಾರಿ ಆಗುತ್ತದೆ. ಮೇಲಿಂದ ಬರುವ ಹಳ್ಳದ ನೀರನ್ನು ಪೈಪಿನಲ್ಲಾದರೂ ಪಕ್ಕಕ್ಕೆ ತಿರುಗಿಸಿ.

ತೆರವನ್ನು ಹೊಳೆ ಬದಿಯ ಲೇನಿನಿಂದ ಶುರು ಮಾಡಿ. ಗುಡ್ಡದ ಬದಿಯ ರಾಶಿ ಹಾಗೇ ಇರಲಿ. 3.5 ಮೀಟರಿನ ಒಂದು ಲೇನ್ ಸಿಕ್ಕರೆ ಸದ್ಯಕ್ಕೆ ಸಾಕು. ಲೇನಿಗೂ ರಾಶಿಗೂ ನಡುವೆ ಗೇಬಿಯನ್ (ಕಲ್ಲು ತುಂಬಿದ ತಂತಿ ಜಾಲರಿ ಪೆಟ್ಟಿಗೆ) ಸಾಲು ಇಟ್ಟು, ಅದರ ಹಿಂದೆ ಕಲ್ಲು-ಮಣ್ಣು ಉರುಳಿದರೆ ನಿಲ್ಲಲು ಜಾಗ ಬಿಡಿ. ಬುಡಕ್ಕೆ ಕೈಹಾಕಲೇಬೇಕಾದ ಕಡೆ 5–6 ಮೀಟರ್ ಅಗಲದ ತುಂಡುಗಳಲ್ಲಿ, ಒಂದು ಬಿಟ್ಟು ಒಂದು, ತೆಗೆದ ಕಡೆ ಕೂಡಲೇ ಗೇಬಿಯನ್ ತುಂಬಿಸಿ, ಆಮೇಲೆ ನಡುವಿನದು. ಗುಡ್ಡ ನೋಡುತ್ತಾ ನಿಲ್ಲುವುದೊಂದೇ ಕೆಲಸ ಅಂತ ಒಬ್ಬನನ್ನು ಸೀಟಿ ಕೊಟ್ಟು ನಿಲ್ಲಿಸಿ. ಜೋರು ಮಳೆಯಲ್ಲಿ ಕೆಲಸ ಬೇಡ, ರಾತ್ರಿ ಬೇಡವೇ ಬೇಡ.

ಇಡೀ ರಾಶಿ ತೆಗೆಯುವ ಲೆಕ್ಕ: 60×20×5 ಅಂದರೆ 6,000 ಘನ ಮೀಟರ್. ಜಾರಿದ ಮಣ್ಣು ಆಗಲೇ ಸಡಿಲ ಆಗಿರುವುದರಿಂದ ಶೇ 15 ಉಬ್ಬು ಸಾಕು, 7,000 ಅಂತ ಹಿಡಿಯಿರಿ. ಹತ್ತು ಚಕ್ರದ ಟಿಪ್ಪರಿಗೆ 10 ಘನ ಮೀಟರ್ ಹಸಿ ಮಣ್ಣೆಂದರೆ ಸುಮಾರು 17 ಟನ್, ಅದಕ್ಕಿಂತ ಮೇಲೆ ತುಂಬಿದರೆ ಓವರ್‌ಲೋಡ್. ಅಲ್ಲಿಗೆ 700 ಟ್ರಿಪ್. 20 ಟನ್ ದರ್ಜೆಯ ಹಿಟಾಚಿ ಒಣ ಮಣ್ಣಲ್ಲಿ ಗಂಟೆಗೆ 80–100 ಘನ ಮೀಟರ್ ತುಂಬುತ್ತದೆ, ಶೇಡಿ ಬಕೆಟಿಗೆ ಅಂಟಿಕೊಳ್ಳುವುದರಿಂದ 60 ಹಿಡಿಯಿರಿ. ಎರಡು ಹಿಟಾಚಿ, ಹೋಗಿ ಬರಲು ಒಂದು ಗಂಟೆ ಹಿಡಿಯುವ 12 ಟಿಪ್ಪರ್: ಸುಮಾರು 58 ಗಂಟೆ. ಹಗಲಲ್ಲಿ 10 ಗಂಟೆ ಕೆಲಸ, ಮಳೆಗೆ ನಿಂತದ್ದು ಸೇರಿಸಿ ಎಂಟು-ಒಂಬತ್ತು ದಿನ. "ನಾಳೆ ಸಂಜೆಗೆ ರಸ್ತೆ ಓಪನ್" ಅಂತ ಯಾರಾದರೂ ಹೇಳಿಕೆ ಕೊಟ್ಟರೆ ಅವರಿಗೆ ಈ ಲೆಕ್ಕ ತೋರಿಸಿ.

ಕಾಡಂಚು:

ಅರಣ್ಯದ ಪ್ರಶ್ನೆಗೆ. ಆರ್‌ಒಡಬ್ಲ್ಯು ಗಡಿ ಕಲ್ಲು ಎಲ್ಲಿದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಗಡಿಯೊಳಗೆ ಬಿದ್ದ ಮಣ್ಣು, ಮರ ತೆಗೆಯುವುದು ನಿರ್ವಹಣೆ. ಗಡಿ ದಾಟಿ ಮೀಸಲು ಅರಣ್ಯದಲ್ಲಿ ಒಂದು ಅಡಿ ಹೊಸದಾಗಿ ಅಗೆದರೂ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಕಲಂ 2ರಡಿ ಕೇಂದ್ರದ ಪೂರ್ವಾನುಮತಿ ಬೇಕು. 2023ರ ತಿದ್ದುಪಡಿಯಲ್ಲಿ ರಸ್ತೆ ಪಕ್ಕ 0.10 ಹೆಕ್ಟೇರ್‌ವರೆಗೆ ವಿನಾಯಿತಿ ಇದೆಯಲ್ಲ ಎಂದು ಹಲವರು ವಾದಿಸುತ್ತಾರೆ. ಅದು ವಸತಿಗೆ ದಾರಿ ಮತ್ತು ರಸ್ತೆಬದಿ ಸೌಕರ್ಯಗಳಿಗೆ ಕೊಟ್ಟದ್ದು, ಗುಡ್ಡ ಕಡಿಯುವುದಕ್ಕೆ ಅಲ್ಲ.

ಮಾಡಬೇಕಾದದ್ದು ಇಷ್ಟು. ಮೊದಲ ದಿನವೇ ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ), ತಹಶೀಲ್ದಾರ್, ಹೆದ್ದಾರಿ ಎಂಜಿನಿಯರ್ ಜಂಟಿ ಮಹಜರು ಮಾಡಿ. ಕುಸಿತದ ಬಾಯಿ ಗಡಿಯಿಂದ ಎಷ್ಟು ಒಳಗೆ ಹೋಗಿದೆ ಎಂಬುದನ್ನು ಜಿಪಿಎಸ್ ಬಿಂದುಗಳೊಂದಿಗೆ ಬರೆಸಿ. ಬೀಳುವಂತಿರುವ ಮರಗಳ ಜಾತಿ, ಸುತ್ತಳತೆ ಪಟ್ಟಿ ಮಾಡಿಸಿ. ಮೀಸಲು ಅರಣ್ಯದ ಮರವನ್ನು ಅರಣ್ಯ ಇಲಾಖೆಯೇ ಕಡಿದು ಡಿಪೊಗೆ ಸಾಗಿಸಲಿ, ಗುತ್ತಿಗೆದಾರನ ಗರಗಸ ಅಲ್ಲಿಗೆ ಹೋಗುವುದು ಬೇಡ. ಪಕ್ಕದ ಖಾಸಗಿ ಜಾಗದ ಮರವಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಗೆ ಅರ್ಜಿ. ಜೀವಕ್ಕೋ ಆಸ್ತಿಗೋ ಅಪಾಯವಾದ, ಸಂಚಾರಕ್ಕೆ ಅಡ್ಡಿಯಾದ ಮರಕ್ಕೆ ಅವರು ಇಲ್ಲ ಎನ್ನುವ ಹಾಗಿಲ್ಲ.

ಶಾಶ್ವತ ಕೆಲಸಕ್ಕೆ ಅರಣ್ಯ ಜಾಗ ಬೇಕೆಂದಾದರೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಅರ್ಜಿಯನ್ನು ಜುಲೈಯಲ್ಲೇ ಹಾಕಿ, ಮಳೆ ನಿಲ್ಲಲೆಂದು ಕಾಯಬೇಡಿ. ರಸ್ತೆಯಂಥ ಉದ್ದನೆಯ ಯೋಜನೆಗಳಿಗೆ ಮೊದಲ ಹಂತದ ಒಪ್ಪಿಗೆ ಸಿಕ್ಕು ದುಡ್ಡು ಕಟ್ಟಿದ ಮೇಲೆ ಕೆಲಸ ಶುರು ಮಾಡುವ ಅನುಮತಿ ಕೇಳಬಹುದು, ಎರಡನೇ ಹಂತದವರೆಗೆ ಕಾಯಬೇಕಿಲ್ಲ. ಅನುಮತಿ ಇಲ್ಲದೆ ಮಾಡಿದರೆ 3ಎ ಕಲಂನಲ್ಲಿ 15 ದಿನದವರೆಗೆ ಸಾದಾ ಸಜೆ. ಸರ್ಕಾರಿ ಇಲಾಖೆ ಮಾಡಿದರೆ 3ಬಿ ಪ್ರಕಾರ ಇಲಾಖೆಯ ಮುಖ್ಯಸ್ಥರೇ ಉತ್ತರ ಕೊಡಬೇಕು. ಇದನ್ನು ಮೇಲಧಿಕಾರಿಗಳಿಗೆ ಮೆತ್ತಗೆ ನೆನಪಿಸಿದರೆ ಕಡತ ಬೇಗ ಓಡುತ್ತದೆ.

ಹಳೇ_ಹದಿನೇಳು:

ಎಲ್ಲರಿಗೂ ಧನ್ಯವಾದ. 700 ಟ್ರಿಪ್ ಅಂದಾಗ ಯಾರಾದರೂ ಹೇಳಿಯೇ ಹೇಳುತ್ತಾರೆ: ಹೊಳೆ 20 ಮೀಟರಿನಲ್ಲೇ ಇದೆ, ಮಳೆನೀರಿಗೆ ಕೊಚ್ಚಿಹೋಗುತ್ತದೆ, ತಳ್ಳಿಬಿಡಿ ಅಂತ. ಅವರಿಗೆ ಏನು ಹೇಳಬೇಕು? ಮತ್ತೆ, ಶಾಶ್ವತಕ್ಕೆ ಗುಡ್ಡವನ್ನು ಇಳಿಜಾರಾಗಿ ಕಡಿಯುವುದೋ, ಒಳಗೆ ಸರಳಿನ ಮೊಳೆ ಹೊಡೆದು ಬಿಗಿಯುವುದೋ?

ಉಬ್ಬರ_ಇಳಿತ:

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿ ದಾಟಿ ಗಂಗಾವಳಿ ಹೊಳೆಗೆ ಇಳಿದಾಗ ನೀರು ಎದ್ದು ಆಚೆ ದಡದ ಉಳುವರೆ ಊರಿಗೆ ಅಪ್ಪಳಿಸಿತು. ಹೊಳೆಯೊಳಗೆ ಮಣ್ಣಿನ ದಿಬ್ಬವೇ ಆಯಿತು. ಅದರಡಿ ಹೋದ ಲಾರಿಯನ್ನು ಎತ್ತಲು ಗೋವಾದಿಂದ ಡ್ರೆಜ್ಜರ್ ತರಿಸಿ, ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. "ಕೊಚ್ಚಿಹೋಗುತ್ತದೆ" ಎನ್ನುವವರಿಗೆ ಇಷ್ಟು ಹೇಳಿದರೆ ಸಾಕು. ಇದಲ್ಲದೆ, ಯಾರಾದರೂ ಕಾಣೆಯಾಗಿದ್ದಾರೆ ಎಂಬ ಅನುಮಾನ ಒಂದಿಷ್ಟಿದ್ದರೂ ಆ ಮಣ್ಣನ್ನು ಪರೀಕ್ಷಿಸದೆ ಎಲ್ಲಿಗೂ ಸಾಗಿಸಬಾರದು.

ಕಾನೂನಿನ ಪ್ರಕಾರ: ಉಬ್ಬರದ ಪ್ರಭಾವ ಇರುವ ಹೊಳೆಗೆ ಸಿಆರ್‌ಜೆಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ ಅನ್ವಯ. ವರ್ಷದ ಅತಿ ಒಣ ಕಾಲದಲ್ಲಿ ಉಪ್ಪಿನ ಅಂಶ ಸಾವಿರಕ್ಕೆ 5 ಭಾಗ ಇರುವ ಜಾಗದವರೆಗೂ ಅದರ ವ್ಯಾಪ್ತಿ. 2019ರ ಅಧಿಸೂಚನೆಯಲ್ಲಿ ದಡದಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. ನಿಮ್ಮ ಮಾದರಿಯಲ್ಲಿ ಹೊಳೆ 50 ಮೀಟರಿಗಿಂತ ಅಗಲ ಇದ್ದರೆ ರಸ್ತೆಯೇ ಸಿಆರ್‌ಜೆಡ್ ಒಳಗೆ. ಕಾಂಡ್ಲಾ ಇರುವ ಜಾಗ ಅದರಲ್ಲಿ ಅತಿ ಬಿಗಿ ವರ್ಗವಾದ 1ಎ. ಅಲ್ಲಿ ಮಣ್ಣು ತುಂಬಿ ರಸ್ತೆ ಅಗಲಿಸುವುದು ಅಪರೂಪದ ಸಂದರ್ಭದಲ್ಲಿ ಮಾತ್ರ, ಅದೂ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರ ಶಿಫಾರಸು ಮಾಡಿ ಕೇಂದ್ರ ಒಪ್ಪಿದ ಮೇಲೆ. ಹಾಳಾದ ಕಾಂಡ್ಲಾಕ್ಕೆ ಕನಿಷ್ಠ ಮೂರು ಪಟ್ಟು ನೆಡಬೇಕು. ಕುಸಿತದಲ್ಲೇ ಹೊಳೆಗೆ ಬಿದ್ದ ಮಣ್ಣು ಬೇರೆ, ನೀವು ಹಿಟಾಚಿಯಲ್ಲಿ ತಳ್ಳಿದ ಮಣ್ಣು ಬೇರೆ. ಅದಕ್ಕೇ ತೆರವು ಶುರುವಾಗುವ ಮೊದಲೇ ದಡದ ಡ್ರೋನ್ ಚಿತ್ರ ತೆಗೆದಿಡಿ. ಇಲ್ಲದಿದ್ದರೆ ಆಮೇಲೆ ಎಲ್ಲವೂ ನಿಮ್ಮ ತಲೆಗೇ.

ಹೊಳೆಗೆ ಬಿದ್ದ ಹೂಳನ್ನು ವಿಪತ್ತು ನಿರ್ವಹಣೆಗೆಂದು ಎತ್ತುವುದಕ್ಕೆ 2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆಯ ಅನುಬಂಧ 9ರಲ್ಲಿ ಪರಿಸರ ಅನುಮತಿಯಿಂದ ವಿನಾಯಿತಿ ಇದೆ. ಆದರೆ ಎತ್ತಿದ ಮರಳು ಮಾರಾಟಕ್ಕೆ ಹೋಯಿತೋ, ಅದು ಗಣಿಗಾರಿಕೆ. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ, ರಾಜಧನ ಎರಡೂ ಬೇಕು. ರಸ್ತೆಗೆ ತುಂಬುವ ಸಾದಾ ಮಣ್ಣೂ 2000ದ ಫೆಬ್ರುವರಿಯಿಂದ ಉಪಖನಿಜವೇ. ಏರಿ ಕಟ್ಟಲು ಹೊರಗಿಂದ ಮಣ್ಣು ತರುವವರು ಇನ್ನೊಂದು ನೋಡಿಕೊಳ್ಳಿ: ಇಂಥ ಯೋಜನೆಗಳಿಗೆ ಮಣ್ಣು ತೆಗೆಯಲು 2020ರಲ್ಲಿ ಕೊಟ್ಟಿದ್ದ ಸಾರಾಸಗಟು ವಿನಾಯಿತಿಯನ್ನು ಸುಪ್ರೀಂ ಕೋರ್ಟ್ 2024ರ ಮಾರ್ಚ್ 21ರಂದು ರದ್ದು ಮಾಡಿತು. ಹಳೇ ಟಿಪ್ಪಣಿ ನಕಲು ಹೊಡೆದರೆ ಸಿಕ್ಕಿಬೀಳುತ್ತೀರಿ.

ಮಣ್ಣು ಹಾಕಲು ಜಾಗ: ಅರಣ್ಯ ಅಲ್ಲ, ಸಿಆರ್‌ಜೆಡ್ ಅಲ್ಲ, ಉಪ್ಪುನೀರು ಹೊಗುವ ಗಜನಿ ಗದ್ದೆ ಅಲ್ಲ, ಹಳ್ಳದ ಪಾತ್ರ ಅಲ್ಲ. ಇಷ್ಟು ಕಳೆದರೆ ಕರಾವಳಿಯಲ್ಲಿ ಉಳಿಯುವುದು ಬಹಳ ಕಡಿಮೆ, ಹಾಗಾಗಿ ಮೇ ತಿಂಗಳಲ್ಲೇ ತಾಲ್ಲೂಕಿಗೆ ಎರಡು ಜಾಗ ಗುರುತಿಸಿಟ್ಟುಕೊಳ್ಳಬೇಕು. 7,000 ಘನ ಮೀಟರನ್ನು 3 ಮೀಟರ್ ಎತ್ತರಕ್ಕೆ, ಬದಿಗೆ 1:2 ಇಳಿಜಾರು ಕೊಟ್ಟು ಹಾಕಲು ಸುಮಾರು 30 ಗುಂಟೆ ಬೇಕು. ಅರ್ಧ ಮೀಟರಿನ ಪದರಗಳಲ್ಲಿ ಹರಡಿ, ಯಂತ್ರ ಓಡಿಸಿ ಗಟ್ಟಿ ಮಾಡಿ, ಸುತ್ತ ಚರಂಡಿ ತೋಡಿ. ಸುಮ್ಮನೆ ಸುರಿದ ಶೇಡಿ ಮುಂದಿನ ಮಳೆಗೆ ಅಲ್ಲಿಂದಲೂ ಹರಿಯುತ್ತದೆ.

ಶೇಡಿಮಣ್ಣು:

ಕಡಿಯುವುದೋ ಮೊಳೆಯೋ ಎಂಬುದನ್ನು ಈ ಜಾಗದಲ್ಲಿ ಅನುಮತಿಯೇ ತೀರ್ಮಾನಿಸುತ್ತದೆ. 30 ಮೀಟರ್ ಎತ್ತರವನ್ನು 1:1 ಇಳಿಜಾರಿಗೆ ತಂದು, 6 ಮೀಟರಿಗೊಂದು 2 ಮೀಟರಿನ ಮೆಟ್ಟಿಲು ಕೊಟ್ಟರೆ ಬುಡದಿಂದ ಒಳಗೆ 38 ಮೀಟರ್ ಬೇಕು. 45 ಮೀಟರ್ ಆರ್‌ಒಡಬ್ಲ್ಯುನಲ್ಲಿ ನಾಲ್ಕು ಲೇನ್, ಚರಂಡಿ ಕಳೆದು ಗುಡ್ಡದ ಬದಿ ಉಳಿಯುವುದು 10 ಮೀಟರ್ ಆಸುಪಾಸು. ಉಳಿದ 28 ಮೀಟರ್ ಪೂರಾ ಮೀಸಲು ಅರಣ್ಯ, 60 ಮೀಟರ್ ಉದ್ದಕ್ಕೆ 0.17 ಹೆಕ್ಟೇರ್, ತುದಿಗಳ ಹೊಂದಾಣಿಕೆ ಬೇರೆ. ಮತ್ತಷ್ಟು ಮಣ್ಣು, ಮತ್ತಷ್ಟು ಟ್ರಿಪ್.

ಮೊಳೆ, ಅಂದರೆ ಸಾಯಿಲ್ ನೇಲಿಂಗ್, ಗುಡ್ಡದಲ್ಲಿ ತೂತು ಕೊರೆದು ಸರಳು ಇಟ್ಟು ಸಿಮೆಂಟ್ ಹಾಲು (ಗ್ರೌಟ್) ತುಂಬುವುದು: 100 ಮಿ.ಮೀ. ತೂತು, 25 ಅಥವಾ 32 ಮಿ.ಮೀ. ಸರಳು, 1.5 ಮೀಟರ್ ಚೌಕ, ಕೆಳಮುಖವಾಗಿ 10–15 ಡಿಗ್ರಿ. 1,800 ಚದರ ಮೀಟರ್ ಮುಖಕ್ಕೆ 800 ಮೊಳೆ. ಸರಾಸರಿ 10 ಮೀಟರ್ ಉದ್ದ ಹಿಡಿದರೆ 8 ಕಿ.ಮೀ. ಕೊರೆತ. ಒಂದು ರಿಗ್ (ಕೊರೆಯುವ ಯಂತ್ರ) ದಿನಕ್ಕೆ 70 ಮೀಟರ್ ಕೊರೆದರೆ ನಾಲ್ಕು ರಿಗ್‌ಗೆ ಒಂದು ತಿಂಗಳು. ಮಳೆಯಲ್ಲಿ ಆಗದ ಮಾತು, ತೂತು ಕುಸಿದು ಗ್ರೌಟ್ ಹಿಡಿಯುವುದಿಲ್ಲ. ಉಪ್ಪುಗಾಳಿಗೆ ಬರಿ ಸರಳು ಬಾಳುವುದಿಲ್ಲ, ಎಪಾಕ್ಸಿ ಲೇಪನದ ಮೇಲೆ ಪ್ಲಾಸ್ಟಿಕ್ ಕವಚವೂ ಇರಲಿ. ನೂರಕ್ಕೆ ಐದು ಮೊಳೆಗಳನ್ನು ವಿನ್ಯಾಸ ಭಾರದ ಒಂದೂವರೆ ಪಟ್ಟು ಎಳೆದು ನೋಡಿ.

ಇಲ್ಲಿ ಒಂದು ಸೂಕ್ಷ್ಮ ಇದೆ, ಕಾಡಂಚು ಅವರು ಹೇಳಿದ ಗಡಿ ನೆಲದ ಕೆಳಗೂ ಗಡಿಯೇ. ಮೇಲೆ ಒಂದು ಹುಲ್ಲೂ ಅಲುಗದಿದ್ದರೂ ನಿಮ್ಮ ಮೊಳೆ ಅರಣ್ಯ ಭೂಮಿಯೊಳಗೆ ಹೋದರೆ, ನೆತ್ತಿಯ ಮೇಲಿನ ನೀರುಗಾಲುವೆ ಅಲ್ಲಿ ಬಿದ್ದರೆ, ಅರ್ಜಿಯಲ್ಲಿ ಎರಡನ್ನೂ ತೋರಿಸಬೇಕು.

ಗುಡ್ಡದ ಮುಖಕ್ಕೆ ಶಾಟ್‌ಕ್ರೀಟ್ (ರಭಸದಿಂದ ಚಿಮ್ಮಿಸುವ ಕಾಂಕ್ರೀಟ್) ಹೊಡೆದು ಮುಗಿಯಿತು ಅಂದುಕೊಳ್ಳಬೇಡಿ. ಹಿಂದೆ 5 ಮೀಟರ್ ನೀರು ನಿಂತರೆ ಬುಡದಲ್ಲಿ ಚದರ ಮೀಟರಿಗೆ 5 ಟನ್ ಒತ್ತಡ, 100 ಮಿ.ಮೀ. ಪದರ ಹಪ್ಪಳದ ಹಾಗೆ ಎದ್ದುಬರುತ್ತದೆ. 5–10 ಡಿಗ್ರಿ ಮೇಲ್ಮುಖವಾಗಿ ತೂತಿನ ಪೈಪುಗಳನ್ನು ಬಟ್ಟೆ ಸುತ್ತಿ 10–15 ಮೀಟರ್ ಒಳಗೆ ಇಳಿಸಿ. ದುಡ್ಡು ಕಡಿಮೆ ಬಿದ್ದರೆ ಶಾಟ್‌ಕ್ರೀಟ್ ಕಡಿಮೆ ಮಾಡಿ, ಈ ಪೈಪು ಬಿಡಬೇಡಿ.

ಗೇಬಿಯನ್ ಜಾಲರಿ ಐಎಸ್ 16014 ಪ್ರಕಾರ, ಹೊಳೆ ಬದಿಗಾದರೆ ಪಾಲಿಮರ್ ಲೇಪನ ಇದ್ದದ್ದು. ಒಳಗೆ ಕಪ್ಪುಕಲ್ಲು ತುಂಬಿ. ಹತ್ತಿರ ಸಿಗುತ್ತದೆಂದು ಚಿರೆಕಲ್ಲು ತುಂಬಿದರೆ ನಾಲ್ಕು ಮಳೆಗೆ ಸವೆದು ಪೆಟ್ಟಿಗೆ ಕುಸಿಯುತ್ತದೆ.

ಕಡತ_ಕೋಣೆ:

ಪಾವತಿಗೆ ಒಂದು ಸೇರಿಸುತ್ತೇನೆ. ತೆರವಿನ ಬಿಲ್ಲನ್ನು ಯಂತ್ರದ ಗಂಟೆಯ ಮೇಲೆ ಮಾತ್ರ ಮಾಡಿದರೆ ಪ್ರಶ್ನೆ ಬಂದೇ ಬರುತ್ತದೆ. ತೆರವಿಗೆ ಮೊದಲು ಮತ್ತು ಆಮೇಲೆ ಲೆವೆಲ್ (ನೆಲದ ಮಟ್ಟದ ಅಳತೆ) ತೆಗೆದು ಘನ ಅಳತೆ ಮಾಡಿ, ಅದನ್ನು ಟ್ರಿಪ್ ಚೀಟಿ ಹಾಗೂ ವೇ ಬ್ರಿಡ್ಜ್ ತೂಕದ ಜೊತೆ ತಾಳೆ ನೋಡಿ. ಲೆವೆಲ್ 6,000 ತೋರಿಸಿ ಚೀಟಿಗಳು 700 ಇದ್ದರೆ ಶೇಡಿಮಣ್ಣು ಅವರು ಹೇಳಿದ ಉಬ್ಬಿಗೆ ಸರಿಹೋಗುತ್ತದೆ. 1,100 ಇದ್ದರೆ ಬಿಲ್ಲಿಗೆ ಸಹಿ ಹಾಕುವ ಮೊದಲು ಮಣ್ಣು ಹಾಕಿದ ಜಾಗಕ್ಕೆ ಹೋಗಿ ರಾಶಿಯನ್ನೇ ಅಳೆದು ಬನ್ನಿ.